ಕೇಳಿದ ಸುದ್ದಿ, ವಿಚಾರಿಸಿದ ಸತ್ಯ

ವಾಕ್ಯಭಾಗ: ಯೆಹೋಶುವ 22:10-34; ಲೂಕ 17:11-19

ಇವತ್ತು ವಾಕ್ಯಕ್ಕೆ ಹೋಗೋ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ.

2024ರ ಆಗಸ್ಟ್ 10, ಶನಿವಾರ ರಾತ್ರಿ ನಿಮಗೆಲ್ಲಾ ನೆನಪಿದೆ. ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಆ ರಾತ್ರಿ ನನ್ನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಯಾರೋ ಒಬ್ಬ ಅಳ್ತಾ, ಡ್ಯಾಮ್ ಒಡೆದಿದೆ, ಕಂಪ್ಲಿ ಹೋಯ್ತು, ಓಡ್ರಿ ಅಂತಿದ್ದ. ಯಾರು, ಎಲ್ಲಿಂದ ಮಾತಾಡ್ತಿದಾನೆ, ಯಾವುದೂ ಗೊತ್ತಿಲ್ಲ. ಆದ್ರೆ ಆ ಅಳು ಕೇಳಿ ನನ್ನ ಮೈ ನಡುಗಿತು. ಆ ನಡುಕವನ್ನೇ ನಾನು ಪವಿತ್ರಾತ್ಮನ ಎಚ್ಚರಿಕೆ ಅಂದ್ಕೊಂಡೆ. ಪ್ರಾರ್ಥಿಸಿರಿ, ಕೂಡಲೇ ಹೊರಡಿರಿ ಅಂತ ಬರೆದು ಸಭೆಯ ಗ್ರೂಪಿಗೆ ಹಾಕಿದೆ. ಕಂಪ್ಲಿಯ ನಮ್ಮ ಒಂದು ಕುಟುಂಬ ಕತ್ತಲಲ್ಲೇ ಹೊರಟಿತು. ಅವಸರದಲ್ಲಿ ಮನೆಯ ಅಜ್ಜಿ ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರೀತು.

ನಿಜ ಏನಿತ್ತು? ಗೇಟ್ ಹೋಗಿತ್ತು, ಡ್ಯಾಮ್ ಒಡೆದಿರಲಿಲ್ಲ. ಆ ಒಂದು ಗೇಟಿನಿಂದ ಹೋಗ್ತಿದ್ದದ್ದು ಸುಮಾರು 35,000 ಕ್ಯೂಸೆಕ್. ಒತ್ತಡ ಇಳಿಸೋದಕ್ಕೆ ಬೇರೆ ಗೇಟುಗಳನ್ನೂ ತೆಗೆದಾಗ ಒಂದು ಲಕ್ಷದ ಆಸುಪಾಸು. ಹೊಳೆ ದಂಡೆಯವರು ಎಚ್ಚರವಾಗಿರಿ ಅಂತ ಅಧಿಕಾರಿಗಳು ಹೇಳಿದ್ದು ನಿಜ, ಅದು ಹಗುರ ಮಾಡೋ ಮಾತಲ್ಲ. ಆದ್ರೆ ಹಂಪಿಯ ಪುರಂದರ ಮಂಟಪ ಮುಳುಗೋದು, ಕಂಪ್ಲಿ ಸೇತುವೆ ಮೇಲೆ ನೀರು ಬಂದು ಗಂಗಾವತಿ ದಾರಿ ಬಂದ್ ಆಗೋದು, ಇದೆಲ್ಲಾ ನಾವು ಎಷ್ಟು ಮಳೆಗಾಲದಲ್ಲಿ ನೋಡಿಲ್ಲ? ದಂಡೆಯಲ್ಲಿರೋ ಒಬ್ಬರಿಗೆ ಫೋನ್ ಮಾಡಿ, ನೀರು ಎಲ್ಲಿವರೆಗೆ ಬಂದಿದೆಯಪ್ಪಾ ಅಂತ ಕೇಳಿದ್ರೆ ಸಾಕಿತ್ತು. ನಾನು ಕೇಳಲಿಲ್ಲ. ಒಂದು ವಾರದೊಳಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ಜಾಗ ಮುಚ್ಚಿದ್ರು. ಅಜ್ಜಿಯ ಸೊಂಟ ಒಂದು ವಾರದಲ್ಲಿ ಸರಿಹೋಗಲಿಲ್ಲ.

ಈಗ ಯೆಹೋಶುವ 22 ತೆಗೀರಿ. ಇಲ್ಲೂ ಒಂದು ಹೊಳೆ ಇದೆ. ರೂಬೇನ್, ಗಾದ್, ಮನಸ್ಸೆಯ ಅರ್ಧ ಕುಲದವರು ಯುದ್ಧ ಮುಗಿಸಿ ಯೊರ್ದನ್ ದಾಟಿ ತಮ್ಮ ಊರುಗಳಿಗೆ ಹೋಗ್ತಾ ಒಂದು ದೊಡ್ಡ ಬಲಿಪೀಠ ಕಟ್ಟಿದ್ರು. ಸುದ್ದಿ ಈ ಕಡೆಗೆ ಮುಟ್ಟಿತು. 12ನೇ ವಚನ ನೋಡ್ರಿ, ಇಡೀ ಸಮೂಹ ಶೀಲೋವಿನಲ್ಲಿ ಸೇರಿ ಯುದ್ಧಕ್ಕೇ ಹೊರಟು ನಿಂತಿತು. ಅವರ ಸಿಟ್ಟು ಸುಳ್ಳು ಸಿಟ್ಟಲ್ಲ, ದೇವಜನರೇ. ಬೇರೊಂದು ಬಲಿಪೀಠ ಅಂದ್ರೆ ದೇವರಿಗೆ ದ್ರೋಹ. ಆಕಾನ ಒಬ್ಬನ ಪಾಪಕ್ಕೆ ಎಲ್ಲರೂ ಪೆಟ್ಟು ತಿಂದದ್ದು ಅವರಿಗೆ ನೆನಪಿತ್ತು. ಭಯಪಡೋದಕ್ಕೆ ಕಾರಣ ಇತ್ತು. ಬಲಿಪೀಠ ಇದ್ದದ್ದೂ ನಿಜ. ಆದ್ರೆ ಅದನ್ನು ಯಾಕೆ ಕಟ್ಟಿದ್ರು ಅನ್ನೋದು ಮಾತ್ರ ಒಬ್ಬರಿಗೂ ಗೊತ್ತಿಲ್ಲ!

ಆಗ ಕತ್ತಿ ಕಳಿಸೋ ಮೊದಲು ಮನುಷ್ಯರನ್ನು ಕಳಿಸಿದ್ರು. ಯಾರನ್ನ? ಫೀನೆಹಾಸನನ್ನ. ಅರಣ್ಯಕಾಂಡ 25ರಲ್ಲಿ ಈಟಿ ಹಿಡಿದು ಪಾಪಿಗಳನ್ನು ತಿವಿದ ಅದೇ ಫೀನೆಹಾಸ. ಎಲ್ಲರಿಗಿಂತ ಬಿಸಿ ರಕ್ತದವನು. ಈ ಸಾರಿ ಅವನ ಕೈಯಲ್ಲಿ ಈಟಿ ಇಲ್ಲ, ಪ್ರಶ್ನೆ ಇದೆ. ಜೊತೆಗೆ ಹತ್ತು ಮಂದಿ, ಕುಲಕ್ಕೊಬ್ಬ ಪ್ರಧಾನ. ಒಬ್ಬನೇ ಹೋದ್ರೆ ತನಗೆ ಬೇಕಾದ್ದನ್ನ ಮಾತ್ರ ಕೇಳಿಸಿಕೊಂಡು ಬರಬಹುದಲ್ಲಾ. ಅವರು ಖಾರವಾಗಿಯೇ ಕೇಳಿದ್ರು, ಹಾಗೇ, ನಿಮ್ಮ ದೇಶ ಅಶುದ್ಧ ಅನಿಸಿದ್ರೆ ಈ ಕಡೆ ಬನ್ನಿ, ನಮ್ಮ ಜಾಗದಲ್ಲೇ ಪಾಲು ಕೊಡ್ತೀವಿ ಅಂತಲೂ ಹೇಳಿದ್ರು. ಆಮೇಲೆ ಸುಮ್ಮನಿದ್ದು ಉತ್ತರ ಕೇಳಿದ್ರು. ಆ ಕಡೆಯವರು, ಇದು ಬಲಿ ಕೊಡೋದಕ್ಕಲ್ಲ, ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ ನಿಮಗೆ ಕರ್ತನಲ್ಲಿ ಪಾಲಿಲ್ಲ ಅನ್ನಬಾರದಲ್ಲಾ, ಅದಕ್ಕೆ ಸಾಕ್ಷಿಯಾಗಿ ಕಟ್ಟಿದ್ವಿ ಅಂದ್ರು. ಯುದ್ಧದ ಮಾತು ಅಲ್ಲಿಗೇ ನಿಂತಿತು. ಹಲ್ಲೆಲೂಯಾ!

ಫೀನೆಹಾಸ ಹೋಗದಿದ್ರೆ ಏನಾಗ್ತಿತ್ತು ಅಂತ ತಿಳ್ಕೋಬೇಕಾದ್ರೆ ನಮ್ಮ ಬೀದರ್ ಕಡೆ ನೋಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅಂತ ವಿಡಿಯೊಗಳು ಎಲ್ಲಾ ಕಡೆ ಓಡಾಡಿದವು. ಅವುಗಳಲ್ಲಿ ಒಂದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿಯೇ ಮಾಡಿದ್ದು. ಕೊನೆಗೆ ಮಗುವನ್ನು ವಾಪಸ್ ಬಿಟ್ಟು ಎಚ್ಚರಿಕೆಯ ಫಲಕ ತೋರಿಸೋ ಭಾಗವನ್ನ ಯಾರೋ ಕತ್ತರಿಸಿದ್ರು. ಆ ವರ್ಷ ಜುಲೈ 13ರಂದು ಔರಾದ್ ಕಡೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪನ್ನ ಕಳ್ಳರು ಅಂತ ತಿಳಿದು ಜನ ಹೊಡೆದ್ರು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತುಹೋದ. ಹೊಡೆದವರೂ ಮಕ್ಕಳನ್ನ ಪ್ರೀತಿಸೋ ತಂದೆಯರೇ ಇರಬೇಕು.

ಕೆಲವರು ಕೇಳ್ತಾರೆ, ಪಾಸ್ಟರ್, ಪರೀಕ್ಷೆ ಮಾಡೋದು ಅವಿಶ್ವಾಸ ಅಲ್ವಾ? ಲೂಕ 17ಕ್ಕೆ ಬನ್ನಿ. ಹತ್ತು ಕುಷ್ಠರೋಗಿಗಳಿಗೆ ಯೇಸುಸ್ವಾಮಿ ಹೇಳಿದ್ದು ಏನು? ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂತ. ಯಾಜಕಕಾಂಡ 14ರ ಪ್ರಕಾರ ಯಾಜಕನು ಪಾಳೆಯದ ಹೊರಗೆ ಬಂದು ಮೈ ನೋಡಬೇಕು, ಆಮೇಲೂ ಏಳು ದಿನ ಡೇರೆಯ ಹೊರಗೆ ಇರಬೇಕು. ಸ್ವಸ್ಥ ಮಾಡಿದಾತನೇ ಪರೀಕ್ಷೆಗೆ ಕಳಿಸಿದನು! ಆತನಿಗೆ ತನ್ನ ಕೆಲಸದ ಮೇಲೆ ಸಂಶಯ ಇತ್ತಾ?

ಇದನ್ನ ಒತ್ತಿ ಹೇಳೋದಕ್ಕೆ ಕಾರಣ ಇದೆ. ಪ್ರಾರ್ಥನೆಯಲ್ಲಿ ಮೈ ಬಿಸಿಯಾಯ್ತು, ಕಣ್ಣೀರು ಬಂತು, ಹಗುರ ಅನಿಸ್ತು ಅಂತ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರು ನಮ್ಮಲ್ಲಿದ್ದಾರೆ. ಟಿಬಿ ಮಾತ್ರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ತಗೋಬೇಕು. ಒಂದೆರಡು ತಿಂಗಳಿಗೇ ಕೆಮ್ಮು ನಿಲ್ಲುತ್ತೆ, ಊಟ ಸೇರುತ್ತೆ, ವಾಸಿ ಆಯ್ತು ಅನಿಸುತ್ತೆ. ಆಗ ಬಿಟ್ಟರೆ ಒಳಗೆ ಉಳಿದ ರೋಗ ಆ ಔಷಧಿಗೂ ಬಗ್ಗದ ಹಾಗೆ ಎದ್ದು ಬರಬಹುದು, ಮನೆಯವರಿಗೂ ಅಂಟಬಹುದು. ನಾನು ದೈವಸ್ವಸ್ಥತೆಯನ್ನ ನಂಬ್ತೀನಿ, ಕೈಯಿಟ್ಟು ಪ್ರಾರ್ಥಿಸ್ತೀನಿ. ಮಾತ್ರೆ ನಿಲ್ಲಿಸಬೇಕಾ ಬೇಡ್ವಾ ಅನ್ನೋದನ್ನ ಡಾಕ್ಟರ್ ನಿಮ್ಮ ಕಫ ಪರೀಕ್ಷೆ ನೋಡಿ ಹೇಳಲಿ.

ಸಂಡೂರಿನ ಸಹೋದರರಿಗೆ ಲಾರಿಯ ಕಥೆ ಹೇಳಬೇಕಾಗಿಲ್ಲ. ಚೀನಾಕ್ಕೆ ಅದಿರು ಹೋಗ್ತಿದ್ದ ಆ ದಿನಗಳಲ್ಲಿ ಪಕ್ಕದ ಮನೆಯವನು ಲಾರಿ ತಗೊಂಡ ಅಂತ ಇವನೂ ಸಾಲ ಮಾಡಿದ. ದೇವರು ಬಾಗಿಲು ತೆರೆದಿದಾನೆ ಅಂದ್ರು. ನಾವು ಪಾಸ್ಟರುಗಳೇ ಬಾನೆಟ್ ಮೇಲೆ ಕೈಯಿಟ್ಟು ಎಣ್ಣೆ ಹಚ್ಚಿದ್ವಿ. ಕಂತು ಎಷ್ಟು, ಗಣಿಗೆ ಪರ್ಮಿಟ್ ಇದೆಯಾ, ಕೆಲಸ ನಿಂತರೆ ಹೇಗೆ ಕಟ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ರಸ್ತೆ ಪಕ್ಕದಲ್ಲೇ ನಿಂತವು. ಕಂತು ನಿಲ್ಲಲಿಲ್ಲ.

ಈಗ ಪ್ರಾರ್ಥನೆಗೆ ಏಳೋಣ. ಅದಕ್ಕೂ ಮುಂಚೆ ಎರಡು ಮಾತು. ಇನ್ನು ಮೇಲೆ ಸಭೆಯ ಗ್ರೂಪಿಗೆ ನೀರಿನ ಸುದ್ದಿಯಾಗಲಿ ಗಲಾಟೆಯ ಸುದ್ದಿಯಾಗಲಿ, ಆ ಜಾಗದಲ್ಲೇ ಇರೋ ಒಬ್ಬರಿಗೆ ಫೋನ್ ಮಾಡಿ ಕೇಳಿದ ಮೇಲೆ ಮಾತ್ರ ಹಾಕೋಣ, ನಾನೂ ಸೇರಿ. ಎರಡನೇದು, ಆ ಕಂಪ್ಲಿಯ ಅಜ್ಜಿ ಇವತ್ತು ಕೋಲು ಹಿಡ್ಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದಾರೆ. ಅಮ್ಮಾ, ನೀವು ಏಳೋದು ಬೇಡ, ಕೂತಿರಿ. ನಾನೇ ಅಲ್ಲಿಗೆ ಬರ್ತೀನಿ.