ಸಂಶೋಧನೆಯ ಮೊದಲ ವರ್ಷದ ಪರಿಶೀಲನೆ

ಪಿಎಚ್.ಡಿ.ಗೆ ಸೇರಿದವರು ಮೊದಲ ವರ್ಷ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಲ್ಲಲು ಅಂಜುವುದುಂಟು. ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ ನಮ್ಮಂಥವರಿಗೆ ಈ ಅಂಜಿಕೆ ಇನ್ನೂ ಹೆಚ್ಚು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ಪ್ರತಿ ಸೆಮಿಸ್ಟರಿನಲ್ಲಿಯೂ ಸಮಿತಿಗೆ ಪ್ರಗತಿಯನ್ನು ವಿವರಿಸಿ, ಸಂಕ್ಷಿಪ್ತ ವರದಿಯನ್ನು ಒಪ್ಪಿಸಬೇಕು. ಪ್ರಗತಿ ಸಾಲದಾದರೆ ಸಮಿತಿಯು ಕಾರಣಗಳನ್ನು ಬರೆದಿಟ್ಟು, ತಿದ್ದಿಕೊಳ್ಳುವ ಕ್ರಮವನ್ನು ಸೂಚಿಸಬೇಕು. ಆ ಸೂಚನೆಯನ್ನೂ ನಡೆಸದಿದ್ದಾಗಲೇ ನೋಂದಣಿಯ ರದ್ದತಿಗೆ ಶಿಫಾರಸು ಮಾಡಬಹುದು. ಆದುದರಿಂದ ವರ್ಷದ ಕೊನೆಯ ಸಭೆಗೆ ಹೊರಡುವಾಗ ಹಿಂದಿನ ಸೂಚನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಮಾಡಿದ್ದನ್ನೂ ಮಾಡಲಾಗದ್ದನ್ನೂ ಗುರುತಿಸಿಕೊಳ್ಳುವುದೇ ಮುಖ್ಯ ಸಿದ್ಧತೆ. ಶಾಸನಗಳನ್ನು ಅಭ್ಯಸಿಸುವವನು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನೆಲ್ಲ ತಿರುವಿದೆನೆನ್ನುವುದಕ್ಕಿಂತ, ಒಂದೇ ತಾಲ್ಲೂಕಿನ ವೀರಗಲ್ಲುಗಳನ್ನು ಏಕೆ ಆರಿಸಿಕೊಂಡೆನೆಂದು ಹೇಳಿದರೆ ಸಮಿತಿಗೆ ಅವನ ಕೆಲಸ ಕಾಣುತ್ತದೆ.