ಸರ್ವರ್‌ನಿಂದ ಕಂಟೇನರ್‌ಗೆ: ಕಡೂರು ಸೀಮೆಯ ಪಾಠಗಳು

ಕಡೂರು, ತರೀಕೆರೆ, ಅಜ್ಜಂಪುರದ ರೈತರಿಗೆ ಸಾಲ ಕೊಡುವ ಸಂಸ್ಥೆಯೊಂದರ ಇಂಟಿಗ್ರೇಷನ್ ತಂತ್ರಾಂಶಗಳನ್ನು ಸ್ವಂತ ಸರ್ವರ್‌ನಿಂದ, ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ಗೆ ಸಾಗಿಸಿದೆವು. ಪಹಣಿ ವಿವರ ತರುವುದು, ಸಾಲದ ಲೆಕ್ಕ ದಾಟಿಸುವುದು, ಎಸ್‌ಎಂಎಸ್ ಕಳಿಸುವುದು ಇವುಗಳ ಕೆಲಸ.

1. ಹಳೆಯ ಸರ್ವರ್ ಯಾರಿಗೂ ಹೇಳದೆ ಮಾಡುತ್ತಿದ್ದ ಕೆಲಸಗಳನ್ನು ಮೊದಲು ಹುಡುಕಿ. 2017ರ ರಾಜ್ಯ ಬಜೆಟ್ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅದಕ್ಕೆ ಮುಂಚೆ ಅದು ತರೀಕೆರೆಗೆ ಸೇರಿತ್ತು. ಹಾಗಾಗಿ ಅಜ್ಜಂಪುರದ ಶಿವನಿ ಕಡೆಯ ಹಳೆಯ ಸಾಲಗಳಲ್ಲಿ ತರೀಕೆರೆಯ ತಾಲ್ಲೂಕು ಕೋಡ್, ಹೊಸವುಗಳಲ್ಲಿ ಅಜ್ಜಂಪುರದ್ದು. ಎರಡನ್ನೂ ಹೊಂದಿಸುವ ಕೋಷ್ಟಕ ಸರ್ವರ್‌ನ ಯಾವುದೋ ಫೋಲ್ಡರ್‌ನಲ್ಲಿತ್ತು, ಕೈಪಿಡಿಯಲ್ಲಿ ಅದರ ಸುಳಿವೇ ಇರಲಿಲ್ಲ. ಕಂಟೇನರ್ ಬದಲಾದಾಗ ಅದರೊಳಗೆ ಬರೆದ ಫೈಲೂ ಅಳಿಯುತ್ತದೆ. ಇಂಥದ್ದೆಲ್ಲ ಡೇಟಾಬೇಸ್‌ನಲ್ಲಿರಬೇಕು.

2. ಕನ್ನಡ ಹೆಸರುಗಳನ್ನು ಪರೀಕ್ಷಿಸದೆ ಮುಂದಕ್ಕೆ ಹೋಗಬೇಡಿ. ಜಾವಾ 17ರವರೆಗಿನ ಆವೃತ್ತಿಗಳು ಅಕ್ಷರಗಳನ್ನು ಹೇಗೆ ಓದಬೇಕೆಂದು ಆಪರೇಟಿಂಗ್ ಸಿಸ್ಟಂನ ಲೊಕೇಲ್ ನೋಡಿ ತೀರ್ಮಾನಿಸುತ್ತವೆ. ಹಳೆಯ ಸರ್ವರ್‌ನಲ್ಲಿ ಯಾರೋ ಎಂದೋ ಯುಟಿಎಫ್-8 ಹೊಂದಿಸಿರುತ್ತಾರೆ. ಚಿಕ್ಕ ಕಂಟೇನರ್ ಇಮೇಜ್‌ನಲ್ಲಿ ಅದು ಇಲ್ಲದಿದ್ದರೆ ರೈತರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇದೆ. ಹಿಂದಿನದಾದರೆ ಆ ಹೊಂದಿಕೆಯನ್ನು ನೀವೇ ಬರೆಯಬೇಕು. ಪರೀಕ್ಷೆಗೆ ಸಖರಾಯಪಟ್ಟಣ, ಲಕ್ಕವಳ್ಳಿಯಂಥ ಒತ್ತಕ್ಷರದ ಹೆಸರುಗಳನ್ನೇ ಕೊಡಿ. ಪಹಣಿಯ ಹೆಸರು ಹೊಂದದಿದ್ದರೆ ಸಾಲ ನಿಲ್ಲುತ್ತದೆ. ಇದನ್ನು ಸಣ್ಣ ದೋಷ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

3. ಒಂದೇ ಸರ್ವರ್ ಇದ್ದಾಗ ರಾತ್ರಿಯ ಬಡ್ಡಿ ಲೆಕ್ಕ ಒಮ್ಮೆ ಓಡುತ್ತಿತ್ತು. ಟೈಮರ್ ತಂತ್ರಾಂಶದೊಳಗೇ ಇದ್ದರೆ, ಕುಬರ್ನೆಟೀಸ್‌ನಲ್ಲಿ ಅದರ ಮೂರು ಪ್ರತಿ ಇಟ್ಟಾಗ ಲೆಕ್ಕ ಮೂರು ಸಲ ಓಡುತ್ತದೆ. ಟೈಮರನ್ನು ಹೊರತೆಗೆದು ಕುಬರ್ನೆಟೀಸ್‌ನ ಕ್ರಾನ್‌ಜಾಬ್‌ಗೆ ಒಪ್ಪಿಸಿ. ಅದೂ ಅಪರೂಪಕ್ಕೆ ಎರಡು ಸಲ ಓಡಬಲ್ಲದು. ಆದ್ದರಿಂದ ಪ್ರತಿ ವಹಿವಾಟಿಗೂ ಪ್ರತ್ಯೇಕ ಸಂಖ್ಯೆ ಕೊಟ್ಟು, ಮತ್ತೆ ಬಂದದ್ದನ್ನು ತಿರಸ್ಕರಿಸಬೇಕು.

4. ಕಂಟೇನರ್‌ನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ಹಾಗೇ ಬಿಟ್ಟರೆ ಬೆಳಗಿನ 5.30ಕ್ಕೆ ಮುಂಚಿನ ವಹಿವಾಟಿಗೆ ಹಿಂದಿನ ದಿನದ ತಾರೀಖು ಬೀಳುತ್ತದೆ.

5. ಪಹಣಿ, ಎಸ್‌ಎಂಎಸ್ ಸೇವೆ ಕೊಡುವ ಎದುರಿನವರ ಫೈರ್‌ವಾಲ್‌ಗೆ ಗೊತ್ತಿರುವುದು ನಿಮ್ಮ ಹಳೆಯ ಐಪಿ ಮಾತ್ರ. ಹೊಸ ಸ್ಥಿರ ಐಪಿಗೆ ಅನುಮತಿ ಸಿಗಲು ವಾರಗಳು ಹಿಡಿಯಬಹುದು. ಕೋಡ್ ಮುಟ್ಟುವ ಮೊದಲೇ ಅರ್ಜಿ ಹಾಕಿ.

6. ಪಾಡ್ ಅನ್ನು, ಅಂದರೆ ಕಂಟೇನರ್ ಓಡುವ ಘಟಕವನ್ನು, ನಿಲ್ಲಿಸುವಾಗ ಕುಬರ್ನೆಟೀಸ್ ಕೊಡುವ ಗಡುವು, ನೀವು ಬದಲಿಸದಿದ್ದರೆ, 30 ಸೆಕೆಂಡ್. ಕೈಯಲ್ಲಿರುವ ಸಂದೇಶವನ್ನು ಅಷ್ಟರಲ್ಲಿ ಮುಗಿಸಲು ತಂತ್ರಾಂಶ ಕಲಿತಿರಬೇಕು.

7. ಮೂರೂ ಊರುಗಳನ್ನು ಒಟ್ಟಿಗೆ ಸಾಗಿಸಬೇಡಿ. ತಾಲ್ಲೂಕು ಕೋಡ್‌ನ ಗೊಂದಲವಿರುವ ಅಜ್ಜಂಪುರವೇ ಮೊದಲಿರಲಿ, ಆಮೇಲೆ ತರೀಕೆರೆ, ಕೊನೆಗೆ ಕಡೂರು. ಸಾಲ ಕಟ್ಟಿ ನವೀಕರಿಸುವವರು ಸರತಿಯಲ್ಲಿ ನಿಲ್ಲುವ ಮಾರ್ಚ್ ತಿಂಗಳಲ್ಲಿ ಮಾತ್ರ ಯಾವುದನ್ನೂ ಮುಟ್ಟಬೇಡಿ.