ಕರ್ತನ ದಿನದಲ್ಲಿ ಮನೆಯ ವಿಶ್ರಾಂತಿ

ಓದತಕ್ಕ ಭಾಗಗಳು: ವಿಮೋಚನಕಾಂಡ 16:22–30, 20:8–11. ಧರ್ಮೋಪದೇಶಕಾಂಡ 5:12–15. ಲೂಕ 13:10–17.

ಪ್ರಿಯರೇ, ಹಿಂಗಾರಿ ಜೋಳದ ರಾಶಿ ಮುಗಿದು, ಬೇವು ಹೂಬಿಟ್ಟು, ಹೊಲದ ಕೆಲಸವು ತುಸು ಹಗುರವಾಗುವ ಈ ಚೈತ್ರಮಾಸದಲ್ಲಿ ಕರ್ತನ ದಿನವನ್ನು ಮನೆಯಲ್ಲಿ ಹೇಗೆ ಕಳೆಯತಕ್ಕದ್ದೆಂದು ವಿಚಾರಿಸುವದು ಯುಕ್ತವಾಗಿದೆ. ದೇವಾಲಯಕ್ಕೆ ಕೂಡಿಬರುವ ವಿಷಯದಲ್ಲಿ ನಮಗೆ ಅನೇಕಾವರ್ತಿ ಬೋಧನೆಯಾಗಿದೆ. ದೇವಾಲಯದ ಬಾಗಲು ಮುಚ್ಚಿದ ಮೇಲೆ ಉಳಿಯುವ ಹೊತ್ತಿನ ವಿಷಯದಲ್ಲಿ ಬೋಧನೆಯು ಕಡಿಮೆ.

ಕೆಲವು ವರ್ಷಗಳ ಹಿಂದೆ ಒಂದು ಆದಿತ್ಯವಾರ ಆರಾಧನೆಯಾದ ತರುವಾಯ ನಾನು ಪಡಸಾಲೆಯಲ್ಲಿ ಕೂತು ಮಕ್ಕಳಿಗೆ ಸಬ್ಬತ್ತಿನ ಆಜ್ಞೆಯನ್ನು ಕಲಿಸುತ್ತಿದ್ದೆನು. ಮಗ, ಮಗಳು, ದಾಸ, ದಾಸಿ, ಪಶು, ಊರೊಳಗಿರುವ ಪರದೇಶಿ ಎಂದು ಬೆರಳೆಣಿಸಿ ಒಪ್ಪಿಸಿದ ಹಿರಿಯ ಮಗಳು, “ಅಪ್ಪಾ, ಇದರಲ್ಲಿ ಅವ್ವ ಎಲ್ಲಿದ್ದಾಳೆ?” ಎಂದು ಕೇಳಿದಳು. ಅವ್ವನು ಒಲೆಯ ಮುಂದಿದ್ದಳು. ನಾನೇ ಸಭೆಯಿಂದ ಕರೆತಂದ ನಾಲ್ವರು ಅತಿಥಿಗಳಿಗೋಸ್ಕರ ರೊಟ್ಟಿ ಬಡಿಯುವ ಸಪ್ಪಳವು ಅಡಿಗೆಮನೆಯಿಂದ ಕೇಳುತ್ತಿತ್ತು. ಸೆಮಿನರಿಯಲ್ಲಿ ಕಲಿತವನಾದ ನನಗೆ ಆಗ ಉತ್ತರವು ಹೊಳೆಯಲಿಲ್ಲ.

ಉತ್ತರವು ಆಜ್ಞೆಯಲ್ಲಿಯೇ ಇದೆ. ಅದು ‘ನೀನು’ ಎಂದು ಮಾತಾಡುವಾಗ ಮನೆಯ ಯಜಮಾನನನ್ನೂ ಯಜಮಾನಿತಿಯನ್ನೂ ಕೂಡಿಸಿ ಮಾತಾಡುತ್ತದೆಂದು ತಿಳಿಯಬೇಕು. ಇಲ್ಲವಾದರೆ ದಾಸಿಗೂ ಎತ್ತಿಗೂ ಬಿಡುವು ಕೊಟ್ಟ ದೇವರು ಮಕ್ಕಳ ತಾಯಿಯನ್ನು ಮಾತ್ರ ಮರೆತನೆಂದು ಹೇಳಬೇಕಾದೀತು. ವಿಮೋಚನಕಾಂಡದಲ್ಲಿ ಈ ಆಜ್ಞೆಗೆ ಸೃಷ್ಟಿಯೇ ಕಾರಣವೆಂದು ಹೇಳಿದೆ. ಧರ್ಮೋಪದೇಶಕಾಂಡದಲ್ಲಾದರೋ ಐಗುಪ್ತದ ದಾಸತ್ವವನ್ನು ನೆನಪಿಗೆ ತರುತ್ತದೆ. ಬಿಡುವಿಲ್ಲದೆ ದುಡಿದವರು ಬೇರೆಯವರನ್ನು ಬಿಡುವಿಲ್ಲದೆ ದುಡಿಸಬಾರದೆಂಬದೇ ಇದರ ಭಾವವು.

ನಾವು ಆಚರಿಸುವದು ಏಳನೆಯ ದಿನವಲ್ಲ, ಕರ್ತನು ಸಮಾಧಿಯಿಂದ ಎದ್ದ ಮೊದಲನೆಯ ದಿನ. ಆದಕಾರಣ ಮೋಶೆಯ ಕಟ್ಟಳೆಯನ್ನು ಅಕ್ಷರಕ್ಕಕ್ಷರವಾಗಿ ಹೊರಿಸಬಾರದೆಂದು ಕೆಲವರು ಅನ್ನುವರು. ಅದು ಸರಿ (ಕೊಲೊಸ್ಸೆ 2:16). ಕಾನ್‌ಸ್ಟಂಟೈನ್ ಚಕ್ರವರ್ತಿಯು 321ರಲ್ಲಿ ಆದಿತ್ಯವಾರ ಪಟ್ಟಣದವರೂ ನ್ಯಾಯಾಧಿಪತಿಗಳೂ ಕೆಲಸ ಬಿಡಬೇಕೆಂದು ವಿಧಿಸಿದಾಗ, ಹದ ತಪ್ಪಿದರೆ ಬೆಳೆ ಕೆಡುವದೆಂದು ಒಕ್ಕಲಿಗರಿಗೆ ಹೊಲದ ಕೆಲಸಕ್ಕೆ ಅಪ್ಪಣೆ ಕೊಟ್ಟನು. ಅಡಿಗೆಮನೆಯ ಮಾತು ಆ ವಿಧಿಯಲ್ಲಿಯೂ ಇಲ್ಲ.

ನಮ್ಮ ಕರ್ತನು ಮಾತ್ರ ಅದನ್ನು ಮರೆಯಲಿಲ್ಲ. ಹದಿನೆಂಟು ವರ್ಷ ನಡುಬೊಗ್ಗಿದ್ದ ಸ್ತ್ರೀಯನ್ನು ಆತನು ಸಬ್ಬತ್ತಿನಲ್ಲಿ ನೆಟ್ಟಗೆ ಮಾಡಿದಾಗ ಸಭಾಮಂದಿರದ ಅಧಿಕಾರಿಯು ಕೋಪಿಸಿಕೊಂಡನು. ಆಗ ಕರ್ತನು ಎತ್ತಿನ ಮಾತನ್ನೇ ಎತ್ತಿದನು: ಗೋದಲಿಯಿಂದ ಎತ್ತನ್ನು ಬಿಚ್ಚಿ ನೀರಿಗೆ ನಡಿಸುವವರು ಅಬ್ರಹಾಮನ ಮಗಳ ಕಟ್ಟನ್ನು ಬಿಚ್ಚುವದಕ್ಕೆ ಅಡ್ಡಿಮಾಡಬಹುದೋ ಎಂದು ಕೇಳಿದನು. ಒಕ್ಕಲುತನದ ಸಹೋದರರೇ, ಆದಿತ್ಯವಾರ ನಾವು ಎತ್ತಿನ ಕೊರಳಿಗೆ ನೊಗವಿಡುವದಿಲ್ಲ. ಅದೇ ದಿನ ನಮ್ಮ ಮನೆಯಲ್ಲಿ ಯಾರು ಬೊಗ್ಗಿ ನೀರು ಹೊರುತ್ತಾರೆ?

ಆದರೆ ಉಣ್ಣದೆ ಇರಬೇಕೋ ಎಂದರೆ, ಮನ್ನದ ವೃತ್ತಾಂತವನ್ನು ನೋಡಿರಿ. ಆರನೆಯ ದಿನ ಇಸ್ರಾಯೇಲ್ಯರು ತಲೆಗೆ ಒಂದು ಓಮೆರ್‌ಗೆ ಬದಲಾಗಿ ಎರಡು ಓಮೆರ್ ಕೂಡಿಸಿಕೊಂಡರು, ಸುಡತಕ್ಕದ್ದನ್ನೂ ಬೇಯಿಸತಕ್ಕದ್ದನ್ನೂ ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದೆಂದು ಮೋಶೆಯು ಹೇಳಿದನು, ಅದು ಕೆಡಲಿಲ್ಲ. ನಮ್ಮ ಸೀಮೆಯ ಖಡಕ್ ರೊಟ್ಟಿಗೂ ದೇವರು ಈ ಗುಣವನ್ನು ಕೊಟ್ಟಿದ್ದಾನೆ. ಶನಿವಾರ ಸುಟ್ಟು ಒಣಗಿಸಿಟ್ಟರೆ ಎಷ್ಟೋ ದಿನ ಇರುತ್ತದೆ. ಶೇಂಗಾ ಚಟ್ನಿ, ಮೊಸರು, ಒಂದು ಉಳ್ಳಾಗಡ್ಡಿ ಇದ್ದರೆ ಬುತ್ತಿಯು ಸಿದ್ಧ. ನೀರನ್ನೂ ಕಟ್ಟಿಗೆಯನ್ನೂ ಶನಿವಾರ ಸಂಜೆ ತರಲಿ, ಗಂಡಸರು ತರಲಿ.

ನಮ್ಮ ಮನೆಯಲ್ಲಿ ಹೀಗೆ ಮಾಡಿದ ಮೊದಲನೆಯ ಸಾರಿ ಪಸ್ಕದ ತರುವಾಯದ ಆದಿತ್ಯವಾರವಾಗಿತ್ತು. ಬೇವಿನ ನೆರಳಿನಲ್ಲಿ ಕಂಬಳಿ ಹಾಸಿ ಉಂಡೆವು. ನನ್ನ ಪತ್ನಿಯು ಸುಮ್ಮನೆ ಕೂಡ್ರಲಾರದೆ ಎರಡು ಸಾರಿ ಎದ್ದಳು. ಮೂರನೆಯ ಸಾರಿ ಕಿರಿಯ ಮಗನು ಸೆರಗು ಹಿಡಿದು ಕೂಡ್ರಿಸಿದನು. ಎಮ್ಮಾಹುವಿಗೆ ನಡೆದುಹೋದ ಇಬ್ಬರು ಶಿಷ್ಯರ ವೃತ್ತಾಂತವನ್ನು ಮಗಳು ಓದಿದಳು (ಲೂಕ 24:13–35). ಓದಿ ಮುಗಿದ ಮೇಲೆ ನನ್ನ ಪತ್ನಿಯು, ಇದನ್ನು ಒಲೆಯ ಚಿಂತೆಯಿಲ್ಲದೆ ಕಡೇ ತನಕ ಕೇಳಿದ್ದು ಇದೇ ಮೊದಲು ಎಂದಳು. ಸುವಾರ್ತೆಯನ್ನು ಪ್ರತಿವಾರ ಸಾರುವವನ ಮನೆಯಲ್ಲಿ ಇಂಥ ಮಾತು ಹುಟ್ಟಿತೆಂಬದಕ್ಕೆ ನಾನು ನಾಚಿದೆನು.

ಸಭೆಯ ಹಿರಿಯರೊಬ್ಬರು, ಉಪದೇಶಿಯ ಮನೆಯಲ್ಲಿ ಆದಿತ್ಯವಾರ ಬಿಸಿಯೂಟ ಸಿಕ್ಕುವದಿಲ್ಲವೆಂದು ಗೊಣಗಿದ್ದುಂಟು. ಅವರಿಗೂ ಬುತ್ತಿಯಲ್ಲಿ ಪಾಲು ಕೊಟ್ಟೆವು, ಮರುವಾರವೂ ಬಂದರು.

ಈ ಪಾಠವನ್ನು ಮನೆಯವರೆಲ್ಲರೂ ಕೂಡಿ ಓದಲಿ. ಆದರೆ ಶನಿವಾರ ಮಧ್ಯಾಹ್ನದೊಳಗೇ ಓದಲಿ. ಆದಿತ್ಯವಾರ ಓದಿದರೆ ಹೊತ್ತು ಮೀರಿರುವದು.